ಭಾನುವಾರದ 80 ಪೊಟ್ಟಣ: ಮುಂದುವರಿಸುವುದೋ, ನಿಲ್ಲಿಸುವುದೋ?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಕ್ರೈಸ್ತ ಸಭೆಯ ಯುವಜನ ಸಂಘದ ಕಾರ್ಯದರ್ಶಿ. ಎಂಟು ತಿಂಗಳಿಂದ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ಒಂದರ ಸುಮಾರಿಗೆ ರೈಲು ನಿಲ್ದಾಣದ ಹೊರಗೆ 80 ಪೊಟ್ಟಣ ಪಲಾವ್ ಹಂಚುತ್ತಿದ್ದೇವೆ. ಈಗೀಗ ಸಾಲಿನಲ್ಲಿ ನೂಕಾಟ, ಬೈಗುಳ. ಕೆಲವರು ಪೊಟ್ಟಣ ತೆಗೆದುಕೊಂಡು ಅಲ್ಲೇ ಎಸೆಯುತ್ತಾರೆ. ಕುಡಿದು ಬರುವವರೂ ಇದ್ದಾರೆ. ಒಬ್ಬ ಹಿರಿಯನ ಕಾಲಿನ ಹುಣ್ಣಿನಲ್ಲಿ ಹುಳ ಕಾಣಿಸಿತು, ಏನು ಮಾಡಬೇಕೆಂದು ತಿಳಿಯದೆ ಬಂದೆವು. ಸಣ್ಣ ಮಗುವಿನ ಜತೆ ಒಬ್ಬಳೇ ಮಾತಾಡಿಕೊಳ್ಳುತ್ತಾ ಕೂರುವ ತಾಯಿಯೊಬ್ಬಳಿದ್ದಾಳೆ. ಸಭೆಯ ಹಿರಿಯರಲ್ಲಿ ಕೆಲವರು "ಸುವಾರ್ತೆ ಹೇಳದೆ ಬರೀ ಅನ್ನ ಕೊಟ್ಟರೆ ಏನು ಬಂತು" ಎನ್ನುತ್ತಾರೆ, ಇನ್ನು ಕೆಲವರು "ಸೋಮಾರಿಗಳನ್ನು ಬೆಳೆಸುತ್ತಿದ್ದೀರಿ" ಎನ್ನುತ್ತಾರೆ. ಮತಾಂತರದ ಆರೋಪ ಬರಬಹುದೆಂಬ ಭಯ ಎಲ್ಲರಿಗೂ ಇದೆ. ಯುವಕರಿಗೆ ಸಭೆಯ ಹಾಲ್‌ನಲ್ಲಿ ರಾತ್ರಿ ವಸತಿ ಶುರು ಮಾಡುವ ಆಸೆ. ನಾವು ಮುಂದುವರಿಯಬೇಕೋ, ನಿಲ್ಲಿಸಬೇಕೋ?

ಉತ್ತರ: ನಿಲ್ಲಿಸಬೇಡಿ. ಆದರೆ ಈಗಿರುವ ರೂಪದಲ್ಲಿ ಮುಂದುವರಿಸಲೂ ಬೇಡಿ. ನಿಮ್ಮ ಪತ್ರದಲ್ಲಿ ಐದಾರು ಚಿಂತೆಗಳು ಹೆಣೆದುಕೊಂಡಿವೆ. ಅವುಗಳಲ್ಲಿ ಎರಡು ಮುಂದಿನ ಭಾನುವಾರದವರೆಗೆ ಕಾಯುವಂಥವಲ್ಲ, ಮೊದಲು ಅವನ್ನೇ ನೋಡೋಣ.

ಹುಳ ಬಿದ್ದ ಕಾಲು. ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಏನನ್ನೂ ಸುರಿಯಬೇಡಿ. ಹುಳ ಸಾಯಬಹುದು, ಜತೆಗೆ ಉಳಿದ ಮಾಂಸವೂ ಸುಡುತ್ತದೆ. ಚಿಮಟದಿಂದ ಕೀಳುವ ಸಾಹಸವೂ ಬೇಡ. ಆಳದಲ್ಲಿರುವವು ಅಲ್ಲೇ ಉಳಿಯುತ್ತವೆ, ರಕ್ತ ಸುರಿಯಲು ಶುರುವಾದರೆ ಬೀದಿಯಲ್ಲಿ ನಿಲ್ಲಿಸಲು ಆಗುವುದಿಲ್ಲ. ಕೈಗವಸು ಹಾಕಿ, ಸಲೈನ್ ಅಥವಾ ಕುದಿಸಿ ಆರಿಸಿದ ನೀರಿನಿಂದ ಮೇಲೆ ಮೇಲೆ ತೊಳೆದು, ಒಗೆದ ಬಟ್ಟೆ ಸಡಿಲವಾಗಿ ಸುತ್ತಿ 108ಕ್ಕೆ ಕರೆ ಮಾಡಿ. ವಿದ್ಯಾನಗರದ ಸರ್ಕಾರಿ ಆಸ್ಪತ್ರೆ, ಎಲ್ಲರ ಬಾಯಲ್ಲಿ ಇನ್ನೂ ಕಿಮ್ಸ್ ಆಗಿಯೇ ಇರುವುದು, ಅಲ್ಲಿಗೆ ನೀವೂ ಹೋಗಬೇಕು. ಆಂಬುಲೆನ್ಸ್ ಹತ್ತಿಸಿ ಕೈಮುಗಿದು ಬಂದರೆ ಸಾಲದು. ಜತೆಗೆ ಯಾರೂ ಇಲ್ಲದ ರೋಗಿಗೆ ವಾರ್ಡಿನಲ್ಲಿ ಕಷ್ಟ: ಸ್ಕ್ಯಾನಿಂಗ್‌ಗೆ ಗಾಲಿಕುರ್ಚಿ ತಳ್ಳುವವರು, ಔಷಧಿ ಚೀಟಿ ಹಿಡಿದು ಓಡುವವರು, ಸಹಿ ಹಾಕುವವರು ಬೇಕು. ಮೊದಲ ಮೂರು ದಿನ ಎಂಟೆಂಟು ಗಂಟೆಯ ಪಾಳಿಯಲ್ಲಿ ಒಬ್ಬೊಬ್ಬರು ಇರಿ. ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಹುಡುಕಿ ಮಾತಾಡಿ. ಶುಲ್ಕ ಮನ್ನಾ, ಗುರುತಿಲ್ಲದ ರೋಗಿಯ ಕಾಗದ, ಎಲ್ಲಕ್ಕೂ ದಾರಿ ಅವರ ಮೇಜಿನಿಂದಲೇ ಹೋಗುತ್ತದೆ. ಮೂರು ಸಂಗತಿ ನೀವಾಗಿಯೇ ಕೇಳಿ: ಧನುರ್ವಾಯು ಚುಚ್ಚುಮದ್ದು ಆಯಿತೇ, ರಕ್ತದ ಸಕ್ಕರೆ ನೋಡಿದರೇ, ಪಾದಕ್ಕೆ ಸ್ಪರ್ಶಜ್ಞಾನ ಇದೆಯೇ? ಹುಳ ಬೀಳುವಷ್ಟು ದಿನ ನೋವೇ ಆಗಲಿಲ್ಲವೆಂದರೆ ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ನರ ಸತ್ತಿರಬಹುದು. ಕುಷ್ಠವಾದರೆ ಸರ್ಕಾರ ಔಷಧಿ ಉಚಿತವಾಗಿ ಕೊಡುತ್ತದೆ, ಸೋಂಕು ಪೂರ್ತಿ ವಾಸಿಯಾಗುತ್ತದೆ.

ಇಂಥ ಪ್ರಕರಣಗಳು ಕೆಡುವುದು ಹೆಚ್ಚಾಗಿ ಡಿಸ್ಚಾರ್ಜ್ ಆದ ದಿನ. ದಿನವೂ ಡ್ರೆಸ್ಸಿಂಗ್ ಆಗಬೇಕಾದ ಕಾಲು ಮತ್ತೆ ಅದೇ ಫುಟ್‌ಪಾತಿಗೆ ಬರುತ್ತದೆ, ಹದಿನೈದು ದಿನದಲ್ಲಿ ಮತ್ತೆ ಹುಳ. ಡ್ರೆಸ್ಸಿಂಗ್ ಎಲ್ಲಿ, ಯಾರು ಕರೆದೊಯ್ಯುತ್ತಾರೆ ಎಂಬುದನ್ನು ಅವರು ಇನ್ನೂ ಹಾಸಿಗೆಯಲ್ಲಿರುವಾಗಲೇ ನಿಗದಿ ಮಾಡಿಕೊಳ್ಳಿ. ನಿಮ್ಮ ಸಭೆಯಲ್ಲಿ ಒಬ್ಬರಾದರೂ ನರ್ಸ್ ಇದ್ದೇ ಇರುತ್ತಾರೆ. ಪಲಾವಿಗೆ ಈರುಳ್ಳಿ ಹೆಚ್ಚುವ ಕೆಲಸದಿಂದ ಅವರನ್ನು ಬಿಡಿಸಿ ಇದಕ್ಕೆ ಕೊಡಿ.

ಮಗುವಿನ ತಾಯಿಯ ವಿಚಾರಕ್ಕೆ ಬರೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಅಸ್ವಸ್ಥತೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ವ್ಯಕ್ತಿಯನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯುವುದು ಪೊಲೀಸ್ ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಆದ್ದರಿಂದ ಠಾಣೆಗೆ ಬರವಣಿಗೆಯಲ್ಲಿ ಕೊಡಿ, ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿಮಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರದಲ್ಲೇ ಇರುವುದು ದೊಡ್ಡ ಅನುಕೂಲ. ಮಗುವಿಗಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅದರ ಹೊಣೆ ಮಕ್ಕಳ ಕಲ್ಯಾಣ ಸಮಿತಿಯದು. ತಾಯಿ ಆಸ್ಪತ್ರೆ ಸೇರಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯದಿಂದ ಅನೇಕರು ಸುಮ್ಮನಿದ್ದುಬಿಡುತ್ತಾರೆ. ಅದೇ ಕಾಯ್ದೆ ಹೇಳುವುದು ಬೇರೆ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು. ಇದನ್ನು ಆಸ್ಪತ್ರೆಯಲ್ಲಿ ನೆನಪಿಸುವವರು ನೀವಾಗಬೇಕು. ನಿಮ್ಮ ಮಹಿಳೆಯರಿಬ್ಬರು, ಪ್ರತಿಬಾರಿ ಅದೇ ಇಬ್ಬರು, ಆಕೆಯ ಹತ್ತಿರ ಹೋಗಲಿ. ದೂರ ಕೂತು, ಹೆಸರು ಹೇಳಿಕೊಂಡು, ಹಾಲು ಬಿಸ್ಕತ್ತು ಕೊಟ್ಟು ಬರಲಿ. ಕನಿಕರ ಉಕ್ಕಿ ಮನೆಗೆ ಕರೆದೊಯ್ಯಬೇಡಿ, ಮಗುವನ್ನು "ನಾವು ಸಾಕುತ್ತೇವೆ" ಎನ್ನುವವರ ಕೈಗಂತೂ ಕೊಡಲೇಬೇಡಿ. ಅದು ಕಾನೂನಿನ ಕಣ್ಣಿಗೆ ಅಪರಾಧ, ಆ ತಾಯಿಯ ಕಣ್ಣಿಗೆ ಕಳವು.

ಇನ್ನು ಅನ್ನದ ಮಾತು. ಎಸೆದ ಪೊಟ್ಟಣ ನೋಡಿ ನಿಮಗೆ ನೋವಾಗಿದೆ, ಸಹಜ. ಕೊಬ್ಬು ಎಂದು ತೀರ್ಮಾನಿಸುವ ಮುಂಚೆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ನಿಲ್ದಾಣದ ಮುಂದೆ ಎಷ್ಟು ಜನ ಹಂಚುತ್ತಾರೆಂದು ಎಣಿಸಿ. ಹುಟ್ಟುಹಬ್ಬದವರು, ಪುಣ್ಯತಿಥಿಯವರು, ಸಂಘಗಳವರು ಎಲ್ಲರೂ ಅದೇ ಹೊತ್ತಿಗೆ ಬರುತ್ತಾರೆ. ಸಿದ್ಧಾರೂಢರ ಮಠದಲ್ಲಿ ದಾಸೋಹ ನಡೆದೇ ಇರುತ್ತದೆ. ಮಂಗಳವಾರ ರಾತ್ರಿ ಒಂಬತ್ತಕ್ಕೆ ಅದೇ ಜಾಗಕ್ಕೆ ಹೋಗಿ ನೋಡಿ, ಹಂಚುವವರು ಒಬ್ಬರೂ ಇರುವುದಿಲ್ಲ. ಹಸಿವು ಭಾನುವಾರವನ್ನು ನೋಡಿಕೊಂಡು ಬರುವುದಿಲ್ಲ. ಒಂದು ವಾರ ಏನೂ ಹಂಚದೆ, ಇಬ್ಬಿಬ್ಬರಾಗಿ ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತಕ್ಕೆ ಸುತ್ತಾಡಿ ಬರೆದುಕೊಳ್ಳಿ: ಯಾರು ಎಲ್ಲಿ ಮಲಗುತ್ತಾರೆ, ಯಾರಿಗೆ ಎಲ್ಲಿ ಊಟ ಸಿಗುತ್ತದೆ, ಯಾವ ಹೊತ್ತು ಖಾಲಿ. ನಡೆಯಬಲ್ಲವರಿಗೆ ಇಂದಿರಾ ಕ್ಯಾಂಟೀನ್ ಅಥವಾ ಮಠದ ದಾರಿ ಗೊತ್ತಿರುತ್ತದೆ. ನಿಮ್ಮ ಪೊಟ್ಟಣ ಬೇಕಿರುವುದು ಅಲ್ಲಿಯವರೆಗೆ ನಡೆಯಲಾಗದವರಿಗೆ, ಅವರು ನಿಮ್ಮ ಸಾಲಿಗೂ ಬರಲಾರರು.

ಎಸೆಯಲು ಬೇರೆ ಕಾರಣಗಳೂ ಇವೆ. ಹಲ್ಲಿಲ್ಲದವರಿಗೆ ಉದುರುದುರು ಪಲಾವ್ ಅಗಿಯಲಾಗದು. ಬಾಯಿಹುಣ್ಣು ಇದ್ದವರಿಗೆ ಖಾರ ಉರಿ. ಮನೋರೋಗದಲ್ಲಿರುವವರು ವಿಷ ಹಾಕಿದ್ದಾರೆಂದು ಹೆದರುತ್ತಾರೆ. ಅಂಥವರಿಗೆ ಸಿಪ್ಪೆ ಬಿಡಿಸದ ಬಾಳೆಹಣ್ಣು, ಸಿಪ್ಪೆಸಹಿತ ಬೇಯಿಸಿದ ಮೊಟ್ಟೆ, ಮುಚ್ಚಳ ಒಡೆಯದ ನೀರಿನ ಬಾಟಲಿ ಕೊಟ್ಟು ನೋಡಿ, ತೆಗೆದುಕೊಳ್ಳುತ್ತಾರೆ. ಉಳಿದವರಿಗೆ ಮೆತ್ತಗಿನ ಹೆಸರುಬೇಳೆ ಖಿಚಡಿ. 25 ಜನಕ್ಕೆ 2 ಕಿಲೋ ಅಕ್ಕಿ, 1 ಕಿಲೋ ಬೇಳೆ, ಕಾಲು ಲೀಟರ್ ಎಣ್ಣೆ, ಖಾರ ಕಡಿಮೆ, ಮೇಲೊಂದು ಮೊಟ್ಟೆ. ನೀರು ಮರೆಯಬೇಡಿ, ಒಣ ಅನ್ನ ಕೊಟ್ಟು ನೀರು ಕೊಡದೆ ಬರುವುದು ಬಹಳ ತಂಡಗಳು ಮಾಡುವ ತಪ್ಪು.

ನಿಮ್ಮ ಅಡುಗೆ ಆರಾಧನೆಗೆ ಮುಂಚೆ ಮುಗಿದು ಒಂದು ಗಂಟೆಗೆ ಹಂಚಿಕೆಯಾಗುತ್ತಿದೆ ಎಂದು ಪತ್ರದಿಂದ ಊಹಿಸುತ್ತೇನೆ. ಹಾಗಿದ್ದರೆ ಅದು ಅಪಾಯ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತಕ್ಕೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಾಗ ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಬಿಸಿ ಅನ್ನವನ್ನು 60 ಡಿಗ್ರಿಗಿಂತ ಮೇಲೆ ಹಿಡಿದಿಡುವ ಡಬ್ಬಿ ಬೇಕು, ಇಲ್ಲವೇ ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಕೊನೆಯ ಪೊಟ್ಟಣ ಕೈಸೇರಬೇಕು. ಹೊಗೆಯಾಡುವ ಅನ್ನವನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೆವತು ಬೇಗ ಹಳಸುತ್ತದೆ. ತೆಂಗಿನಕಾಯಿ ಚಟ್ನಿ, ಮೊಸರು ಬೇಡವೇ ಬೇಡ. ಸಂಜೆಗೆ ಇಟ್ಟುಕೊಂಡು ತಿನ್ನುವವರಿದ್ದಾರೆ ಎಂಬುದನ್ನೂ ನೆನಪಿಡಿ. "ಈಗಲೇ ಉಣ್ಣಿ, ರಾತ್ರಿಗೆ ಬಿಸ್ಕತ್ತು ಇಟ್ಟುಕೊಳ್ಳಿ" ಎಂದು ಎರಡನ್ನೂ ಕೊಡುವುದು ಜಾಣತನ. ದಿನದ ಅಡುಗೆಯಲ್ಲಿ ಒಂದು ಬಟ್ಟಲನ್ನು ಮಾದರಿಯಾಗಿ 24 ಗಂಟೆ ಫ್ರಿಜ್‌ನಲ್ಲಿ ಇಡಿ. ಯಾರಿಗಾದರೂ ವಾಂತಿಭೇದಿಯಾದರೆ ಊಟದಿಂದಲೋ ಅಲ್ಲವೋ ಎಂದು ತಿಳಿಯಲು ಅದೊಂದೇ ಸಾಕ್ಷಿ.

ಐದಾರು ದಿನ ಏನೂ ತಿನ್ನದೆ ಬಿದ್ದಿರುವವರು ಸಿಕ್ಕರೆ ತಟ್ಟೆ ತುಂಬ ಉಣಿಸಬೇಡಿ. ಒಣಗಿದ ದೇಹಕ್ಕೆ ಒಮ್ಮೆಲೇ ಅನ್ನ ಸೇರಿದರೆ ರಕ್ತದ ಲವಣಗಳು ಏರುಪೇರಾಗಿ ಹೃದಯ ನಿಲ್ಲಬಹುದು. ಎರಡು ಗುಟುಕು ಓಆರ್‌ಎಸ್ ಕುಡಿಸಿ, 108.

ನೂಕಾಟಕ್ಕೆ ಕಾರಣ ಜನರ ಸ್ವಭಾವವಲ್ಲ, ನಿಮ್ಮ ಸಾಲು. 80 ಪೊಟ್ಟಣ, 110 ಜನ, ಯಾರಿಗೆ ತಪ್ಪುತ್ತದೋ ತಿಳಿಯದು ಎಂದಾಗ ಮನೆಮಠ ಇರುವವರೂ ನೂಕುತ್ತಾರೆ. ಮದುವೆ ಪಂಕ್ತಿಯಲ್ಲಿ ನೋಡಿಲ್ಲವೇ? ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ತೆಗೆಯಿರಿ. ಆದಿಸಭೆಯಲ್ಲಿ ಎದ್ದ ಗುಣುಗುಟ್ಟುವಿಕೆಯೂ ಊಟದ ಹಂಚಿಕೆಯದೇ: ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ತಪ್ಪಿಹೋಗುತ್ತಿತ್ತು. ಅಪೊಸ್ತಲರು ಜನರನ್ನು ಬೈಯಲಿಲ್ಲ, ಹಂಚಿಕೆಯನ್ನೂ ನಿಲ್ಲಿಸಲಿಲ್ಲ; ಏಳು ಜನರನ್ನು ಆರಿಸಲು ಸಭೆಗೇ ಹೇಳಿ ವ್ಯವಸ್ಥೆ ಬದಲಿಸಿದರು. ನೀವೂ ಸಾಲು ಬಿಟ್ಟುಬಿಡಿ. ಕೂತಲ್ಲಿಗೆ, ಮಲಗಿದಲ್ಲಿಗೆ ನೀವೇ ಹೋಗಿ, ಇಬ್ಬಿಬ್ಬರಾಗಿ, ಒಂದೊಂದು ಜೋಡಿಗೆ ಒಂದೊಂದು ಬೀದಿ. ಸೋಮ, ಬುಧ, ಶುಕ್ರ ರಾತ್ರಿ ಎಂಟೂವರೆಗೆ 25 ಜನರಿಗೆ ಎಂದು ಗೊತ್ತುಮಾಡಿಕೊಳ್ಳಿ. ವಾರಕ್ಕೆ 75 ಊಟ, ಖರ್ಚು ಹೆಚ್ಚುಕಡಿಮೆ ಈಗಿನಷ್ಟೇ. ಎರಡು ತಿಂಗಳಲ್ಲಿ ನಿಮಗೆ 25 ಹೆಸರು, 25 ಊರು, ಯಾರ ಕೆಮ್ಮು ಎಷ್ಟು ದಿನದ್ದು ಎಂಬುದು ಗೊತ್ತಾಗಿರುತ್ತದೆ. ಎರಡು ವಾರ ಮೀರಿದ ಕೆಮ್ಮಾದರೆ ಕಫ ಪರೀಕ್ಷೆಗೆ ಕರೆದೊಯ್ಯಿರಿ. ಕ್ಷಯಕ್ಕೆ ಪರೀಕ್ಷೆ, ಔಷಧಿ ಎರಡೂ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿಯೂ ಬರುತ್ತದೆ. ನಾನು ಕೇಳಿಕೊಳ್ಳುವುದು ಇಷ್ಟೇ, ಈ ಹೆಸರುಗಳಿಗಾಗಿ ಸೇವೆ ಮಾಡಿ. ಹುಳ ಬಿದ್ದ ಕಾಲನ್ನು ನೋಡಿ ಮರಳಿ ಬರಬೇಕಾಯಿತಲ್ಲ, 80 ಜನರ ಸಾಲು ಕೈಯಲ್ಲಿದ್ದಾಗ ಬೇರೇನೂ ಮಾಡಲು ಸಾಧ್ಯವಿರಲಿಲ್ಲ.

"ಸೋಮಾರಿಗಳು" ಎಂಬ ಮಾತಿಗೆ ರಾತ್ರಿಯ ಸುತ್ತಾಟವೇ ಉತ್ತರ ಕೊಡುತ್ತದೆ. ಹೊರಗೆ ಮಲಗುವವರಲ್ಲಿ ಹಮಾಲರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಚಿಂದಿ ಆಯುವವರು, ಸೆಂಟ್ರಿಂಗ್ ಕೆಲಸಕ್ಕೆ ಬಂದು ಬಾಡಿಗೆ ಕಟ್ಟಲಾಗದವರು ಬೇಕಾದಷ್ಟು ಜನ. 2011ರ ಜನಗಣತಿಯೇ ದೇಶದಲ್ಲಿ 17.7 ಲಕ್ಷ ವಸತಿಹೀನರನ್ನು ಎಣಿಸಿತು. ವಾರಕ್ಕೆ ಒಂದೋ ಮೂರೋ ಊಟದಿಂದ ಯಾರೂ ಕೆಲಸ ಬಿಡುವುದಿಲ್ಲ.

ಕುಡಿದವರಿಗೂ ಊಟ ಕೊಡಿ. ಹೊಟ್ಟೆ ಖಾಲಿ ಇದ್ದರೆ ಮದ್ಯ ಇನ್ನಷ್ಟು ಕೆಡಿಸುತ್ತದೆ. ಗಲಾಟೆ ಮಾಡಿದರೆ "ನಾಡಿದ್ದು ಬರುತ್ತೇವೆ" ಎಂದು ಸಮಾಧಾನದಿಂದ ಮುಂದೆ ಹೋಗಿ, ಹೇಳಿದ ದಿನ ತಪ್ಪದೆ ಬನ್ನಿ. "ಇವತ್ತಿನಿಂದ ಬಿಟ್ಟುಬಿಡು" ಎಂದು ಆಣೆ ಹಾಕಿಸುವುದು ಮಾತ್ರ ಬೇಡ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನಕ್ಕೆ ನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾಗಬಹುದು. ಪ್ರಾಣ ಹೋಗುವ ಸ್ಥಿತಿ ಅದು. ಬಿಡಿಸುವುದು ಆಸ್ಪತ್ರೆಯಲ್ಲಿ, ಔಷಧಿಯ ಜತೆಗೆ.

ಮತಾಂತರದ ಆರೋಪದ ಭಯ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ "ಆಮಿಷ" ಎಂಬ ಪದಕ್ಕೆ ಬಹಳ ಅಗಲವಾದ ಅರ್ಥ ಕೊಟ್ಟಿತು: ಉಡುಗೊರೆ, ಹಣ ಅಥವಾ ವಸ್ತುರೂಪದ ಲಾಭ, ಉದ್ಯೋಗ, ಉಚಿತ ಶಿಕ್ಷಣ ಎಲ್ಲವೂ ಅದರೊಳಗೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಬೇರೆ, ಶಾಸನಸಭೆಯಲ್ಲಿ ಕಾಯ್ದೆ ರದ್ದಾಗುವುದು ಬೇರೆ. ಸದ್ಯದ ಸ್ಥಿತಿಯನ್ನು ನಿಮ್ಮ ಧರ್ಮಪ್ರಾಂತದ ವಕೀಲರಿಂದ ತಿಳಿದುಕೊಳ್ಳಿ. ಹಸಿದವರಿಗೆ ಊಟ ಕೊಡುವುದು ಯಾವ ಕಾಯ್ದೆಯಲ್ಲೂ ಅಪರಾಧವಲ್ಲ. ತೊಂದರೆ ಬರುವುದು ಊಟ ಮತ್ತು ಬೋಧನೆ ಒಂದೇ ಕೈಯಲ್ಲಿ, ಒಂದೇ ಹೊತ್ತಿನಲ್ಲಿ ಬಂದಾಗ. ಆದ್ದರಿಂದ ಪೊಟ್ಟಣದ ಜತೆ ಕರಪತ್ರ ಬೇಡ, ಊಟಕ್ಕೆ ಮುಂಚೆ ಎಲ್ಲರೂ ಪ್ರಾರ್ಥನೆಗೆ ನಿಲ್ಲಬೇಕೆಂಬ ನಿಯಮ ಬೇಡ, ಬ್ಯಾನರ್ ಬೇಡ, ಉಣ್ಣುವವರ ಮುಖದ ಫೋಟೋ ಬೇಡ. ಠಾಣೆಗೂ ಪಾಲಿಕೆಗೂ ದಿನ, ಹೊತ್ತು, ಜಾಗ ತಿಳಿಸಿ ಒಂದು ಪತ್ರ ಕೊಟ್ಟಿಡಿ. ರೈಲ್ವೆ ಆವರಣದೊಳಗೆ ಅನುಮತಿಯಿಲ್ಲದೆ ಹಂಚಬೇಡಿ. ಸ್ವಯಂಸೇವಕರಲ್ಲಿ ಬೇರೆ ಸಮುದಾಯದ ಗೆಳೆಯರು ಬರುತ್ತೇನೆಂದರೆ ಸಂತೋಷದಿಂದ ಸೇರಿಸಿಕೊಳ್ಳಿ. ಯಾರಾದರೂ ತಾವಾಗಿಯೇ "ನೀವು ಯಾಕೆ ಬರುತ್ತೀರಿ" ಎಂದು ಕೇಳಿದರೆ ಸುಳ್ಳು ಹೇಳಬೇಕಿಲ್ಲ; ನಿಮ್ಮ ನಂಬಿಕೆಯನ್ನು ಒಂದು ಮಾತಿನಲ್ಲಿ ಹೇಳಿ. ಪ್ರಾರ್ಥಿಸಿರಿ ಎಂದು ಕೇಳಿದವರಿಗಾಗಿ ಪ್ರಾರ್ಥಿಸಿ. ಯಾರು ಸಭೆಗೆ ಬಂದರು, ಯಾರು ಬರಲಿಲ್ಲ ಎಂಬುದು ಊಟದ ಪಟ್ಟಿಗೆ ಎಂದೂ ತಾಗಬಾರದು.

ಸುವಾರ್ತೆ ಹೇಳದಿದ್ದರೆ ಏನು ಬಂತು ಎನ್ನುವ ಹಿರಿಯರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಜತೆ ಕೂತು, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಆರೈಕೆ ಮಾಡಿದ ಒಳ್ಳೆಯ ಸಮಾರ್ಯದವನ ಬಗ್ಗೆ ಯೇಸು ಹೇಳಿದ ಸಾಮ್ಯವನ್ನು ಓದಿ. ಎಣ್ಣೆ, ದ್ರಾಕ್ಷಾರಸ, ಗಾಯಕ್ಕೆ ಪಟ್ಟಿ, ತನ್ನ ಪಶುವಿನ ಮೇಲೆ ಸಾಗಾಟ, ಛತ್ರದಲ್ಲಿ ಒಂದು ರಾತ್ರಿಯ ಆರೈಕೆ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ, ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆಂಬ ಮಾತು. ಬಿದ್ದವನಿಗೆ ಅವನು ಮಾಡಿದ ಬೋಧನೆ ಅಲ್ಲಿ ಬರೆದಿಲ್ಲ. ನಮ್ಮ ಕರಾವಳಿಯಲ್ಲೇ ನೋಡಿ: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು, ಜಾತಿಯಿಂದ ಹೊರಬಿದ್ದು ಕಸುಬು ಕಳಕೊಂಡವರಿಗೆ ಕೂಲಿ ಬೇಕಿತ್ತು. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು, ಹತ್ತು ವರ್ಷಕ್ಕೆ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಆ ಸೇವೆಗಳು ಉಳಿದದ್ದು ದಿನದಿನದ ಕೆಲಸದಿಂದ.

ಹಾಲ್‌ನಲ್ಲಿ ರಾತ್ರಿ ವಸತಿ? ಈಗ ಬೇಡ ಎಂದೇ ಹೇಳುತ್ತೇನೆ. 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಕೇಳುತ್ತಿತ್ತು. ಅಂದರೆ 1000 ಚದರ ಅಡಿಯ ಹಾಲ್‌ನಲ್ಲಿ 20 ಜನ. ಹೆಂಗಸರು, ಗಂಡಸರು ಬೇರೆ, ಶೌಚಾಲಯ ಬೇರೆ, ಮೂರು ಪಾಳಿಗೆ ಸಂಬಳದ ಕಾವಲುಗಾರರು, ನಡುರಾತ್ರಿ ಎರಡಕ್ಕೆ ಯಾರಿಗೋ ಫಿಟ್ಸ್ ಬಂದರೆ ಏಳುವವರು. ಯುವಕರ ಉತ್ಸಾಹ ಮೊದಲ ಆರು ವಾರ ಇದನ್ನು ಹೊರುತ್ತದೆ, ಏಳನೆಯ ವಾರ ಪರೀಕ್ಷೆ ಶುರುವಾಗುತ್ತದೆ. ಮೇ ತಿಂಗಳಲ್ಲಿ ಸಭೆಯ ಮದುವೆಗೆ ಹಾಲ್ ಬೇಕಾದಾಗ 20 ಜನರನ್ನು ಮತ್ತೆ ಬೀದಿಗೆ ಕಳಿಸುತ್ತೀರಾ? ಪಾಲಿಕೆಯಲ್ಲಿ ವಸತಿಹೀನರ ಆಶ್ರಯತಾಣದ ಬಗ್ಗೆ ವಿಚಾರಿಸಿ. ಇಂಥ ತಾಣಗಳ ನಿರ್ವಹಣೆಯನ್ನು ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸುವುದುಂಟು. ಅಲ್ಲಿಗೆ ಹೋಗಲು ಜನ ಒಪ್ಪದಿದ್ದರೆ "ಬೀದಿಯೇ ಇಷ್ಟ" ಎಂದುಕೊಳ್ಳಬೇಡಿ, ಯಾಕೆಂದು ಕೇಳಿ. ಗಂಟು ಕಳವಾಗುತ್ತದೆ, ಗಂಡಹೆಂಡತಿ ಬೇರೆ ಇರಬೇಕು, ತಿಗಣೆ, ಬೆಳಿಗ್ಗೆ ಐದಕ್ಕೇ ಹೊರಗೆ. ಇನ್ನೊಂದು ಭಯ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುತ್ತಾರೆಂಬುದು. ವ್ಯಾನಿನಿಂದ ಇಳಿದು ಬರುವ ಯಾರನ್ನು ಕಂಡರೂ ಕೆಲವರು ಓಡುವುದು ಅದಕ್ಕೇ. ನೀವು ನಡೆದೇ ಹೋಗಿ.

ಹಾಲ್‌ಗೆ ಬದಲು ಸಭೆಯ ಆವರಣದಲ್ಲಿ ಸ್ನಾನದ ಸೌಕರ್ಯ ಕೊಡಿ. ವಾರಕ್ಕೆ ಎರಡು ಬೆಳಿಗ್ಗೆ, ಮೂರು ಗಂಟೆ, ಎರಡು ಬಚ್ಚಲು. ತಲೆಗೆ 40 ಲೀಟರ್ ನೀರು ಹಿಡಿದರೆ 15 ಜನಕ್ಕೆ 600 ಲೀಟರ್. ಸ್ವಲ್ಪ ಬಿಸಿನೀರು, ಸಾಬೂನು, ಬಟ್ಟೆ ಒಗೆಯುವ ಕಲ್ಲು, ಮೊಬೈಲ್ ಚಾರ್ಜಿಗೆ ನಾಲ್ಕು ಪ್ಲಗ್, ಕಾಗದಪತ್ರ ಇಡಲು ಸಂಖ್ಯೆ ಹಾಕಿದ ಬೀಗದ ಖಾನೆಗಳು. ಕ್ಷೌರಕ್ಕೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ಇದರಲ್ಲಿ ರಾಜಿ ಇಲ್ಲ. ಕಜ್ಜಿ ಸಾಮಾನ್ಯ, ವೈದ್ಯರು ಬರೆದುಕೊಟ್ಟ ಪರ್ಮೆತ್ರಿನ್ ಮುಲಾಮನ್ನು ಕತ್ತಿನಿಂದ ಕೆಳಗೆ ಪೂರ್ತಿ ಹಚ್ಚಿ ರಾತ್ರಿಯಿಡೀ ಬಿಟ್ಟು ತೊಳೆಯಬೇಕು, ಒಂದೆರಡು ವಾರಕ್ಕೆ ಇನ್ನೊಮ್ಮೆ, ಹೊದಿಕೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಒಟ್ಟಿಗೆ ಮಲಗುವವರೆಲ್ಲರಿಗೂ ಒಂದೇ ದಿನ ಹಚ್ಚದಿದ್ದರೆ ತಿರುಗಿ ಬರುತ್ತದೆ. ಸ್ನಾನ ಮಾಡಿದ ಮನುಷ್ಯನಿಗೆ ಹೋಟೆಲಿನವರು ಕೆಲಸ ಕೊಡುತ್ತಾರೆ, ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುವುದಿಲ್ಲ.

ಕಾಗದಪತ್ರವೂ ಸೇವೆಯೇ. ವಿಳಾಸವಿಲ್ಲದವರಿಗೆ ಮತದಾರರ ಚೀಟಿ ಸಿಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ನಮೂನೆ 6ರಲ್ಲಿ ಮಲಗುವ ಜಾಗ ಬರೆದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು, ಒಂದಕ್ಕಿಂತ ಹೆಚ್ಚು ಸಲ, ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಂಡರೆ ಸಾಕು, ವಿಳಾಸದ ದಾಖಲೆ ಬೇಡ. ಆಧಾರ್‌ಗೆ ಮಾನ್ಯತೆ ಪಡೆದ ಆಶ್ರಯತಾಣದ ಮುಖ್ಯಸ್ಥರ ಪ್ರಮಾಣಪತ್ರ ನಡೆಯುತ್ತದೆ, ಪಾಲಿಕೆಯ ತಾಣದ ಜತೆ ಸ್ನೇಹ ಬೇಕೆನ್ನುವುದು ಇದಕ್ಕೂ. ವಯಸ್ಸಾದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಿ. ವೃದ್ಧರ ಸಹಾಯವಾಣಿ 14567.

ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಎಚ್ಚರಿಕೆ. ಕೆಲಸ ಬೆಳೆದಂತೆ ದುಬೈ, ಮಸ್ಕತ್‌ನಲ್ಲಿರುವ ಸಭೆಯ ಮಕ್ಕಳು ಕಳಿಸುತ್ತೇವೆ ಎನ್ನುತ್ತಾರೆ. ಭಾರತೀಯ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಮೇಲೆ ಅದೇ ಮನುಷ್ಯ ಕಳಿಸಿದ್ದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇಲ್ಲದೆ ಮುಟ್ಟುವಂತಿಲ್ಲ. ಕಳಿಸುವ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ.

ಕೊನೆಗೆ, ಭಾನುವಾರದ ಸಾಲನ್ನು ಒಂದೇ ದಿನ ನಿಲ್ಲಿಸಬೇಡಿ. ಎಂಟು ತಿಂಗಳಲ್ಲಿ ಕೆಲವರ ವಾರ ಅದರ ಸುತ್ತ ಕಟ್ಟಿಕೊಂಡಿರುತ್ತದೆ. ಮೂರು ವಾರ ಮುಂಚೆಯಿಂದ ಪ್ರತಿಯೊಬ್ಬರಿಗೂ ಬಾಯಿಮಾತಿನಲ್ಲಿ ಹೇಳಿ: ಭಾನುವಾರ ಬರುವುದಿಲ್ಲ, ಸೋಮ, ಬುಧ, ಶುಕ್ರ ರಾತ್ರಿ ಬರುತ್ತೇವೆ, ನೀವು ಎಲ್ಲಿ ಮಲಗುತ್ತೀರಿ? ಹಂಚಿಕೆ ನಿಂತ ಮೇಲಿನ ಮೊದಲ ಭಾನುವಾರ ಪೊಟ್ಟಣವಿಲ್ಲದೆಯೂ ಇಬ್ಬರು ಅಲ್ಲಿ ನಿಂತಿರಲಿ, ಸುದ್ದಿ ತಿಳಿಯದೆ ಬಂದವರಿಗೆ ಮಠದ ಮತ್ತು ಇಂದಿರಾ ಕ್ಯಾಂಟೀನಿನ ದಾರಿ ತೋರಿಸಲು.